ಕಾಕಾನ ಇಂಜಿನ್ನು, ನನ್ನ ಗಂಟಲು

ನಮ್ಮ ಕಾಕಾನಷ್ಟು ಚಕಚಕನೆ ತೀರ್ಮಾನ ತೆಗೆದುಕೊಳ್ಳುವ ಮನುಷ್ಯ ಇಡೀ ಸೇಡಂ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ದಿನಕ್ಕೆ ನಾಲ್ಕು ತೀರ್ಮಾನ ತೆಗೆದುಕೊಳ್ಳುತ್ತಾನೆ. ನಾಲ್ಕೂ ಒಂದೇ ವಿಷಯದ ಮೇಲೆ ಎಂಬುದಷ್ಟೇ ತೊಂದರೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಸಣ್ಣ ಇಂಜಿನ್ನು. ಚಹಾದ ಕಪ್ಪು ಕೆಳಗಿಡುವ ಹೊತ್ತಿಗೆ ದೊಡ್ಡ ಇಂಜಿನ್ನು. ಮಧ್ಯಾಹ್ನ ಉಂಡು ಅಡ್ಡಾದಾಗ ಮತ್ತೆ ಸಣ್ಣದು. ಸಂಜೆ ಕಟ್ಟೆಯ ಮೇಲೆ ಕೂತರೆ, "ತಮ್ಮಾ, ದೊಡ್ಡದರಾಗೂ ಒಂದು ಮಾತು ಅದ ನೋಡು" ಎಂದು ಶುರು. ಹೀಗೆ ಏಳು ತಿಂಗಳು ನಡೆಯಿತು. ಅಷ್ಟರಲ್ಲಿ ನಮ್ಮ ಓಣಿಯಲ್ಲಿ ಎರಡು ಮದುವೆಯಾದವು, ಅದರಲ್ಲೊಂದು ಮುರಿದೂ ಹೋಯಿತು. ಕಾಕಾನ ಹೊಸ ಪಿಕಪ್ ಗಾಡಿ ಮಾತ್ರ ಬರಲಿಲ್ಲ.

ಮೊದಲಿದ್ದ ಗಾಡಿ ಇಪ್ಪತ್ತೆರಡು ವರ್ಷ ದುಡಿಯಿತು. ಶಹಾಬಾದಿನಿಂದ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಹೇರಿಕೊಂಡು ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ಸುತ್ತಿತು. ಹೋದ ಪಂಚಮಿ ಹಬ್ಬದ ಹಿಂದಿನ ದಿನ ವಾಡಿ ದಾಟಿ ಒಂದು ಹರದಾರಿಯಲ್ಲಿ ಮಲಗಿಬಿಟ್ಟಿತು. ವಾಡಿಯ ಮಿಸ್ತ್ರಿ ಬಾನೆಟ್ ಎತ್ತಿ ನೋಡಿದ, ಕೈ ಒರೆಸಿಕೊಂಡ, ಬಾನೆಟ್ ಇಳಿಸಿದ. "ಇದಕ್ಕ ಇನ್ನ ಮಣ್ಣು ಕೊಡ್ರಿ" ಅಂದ. ಗುಜರಿಯವನು ಅದನ್ನು ಎಳೆದುಕೊಂಡು ಹೋಗುವಾಗ ಕಾಕಾ ರಸ್ತೆಗೆ ಬೆನ್ನು ಮಾಡಿ ನಿಂತು ಮಿಸ್ತ್ರಿಯ ಸ್ಪ್ಯಾನರುಗಳನ್ನು ಎಣಿಸುತ್ತಿದ್ದ.

ಕಾಕಾನಿಗೆ ಪರಸಿ ಹೇರುವ ಕೆಲಸ ಕೊಟ್ಟಿದ್ದ ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯ ಸಾಹುಕಾರರು ಒಳ್ಳೆಯವರು. "ಯುಗಾದಿ ತನ ಬಾಡಿಗಿ ಗಾಡಿ ಮ್ಯಾಲ ನಡಸ್ತೀನಿ. ಅಷ್ಟ್ರಾಗ ಹೊಸಾದು ತಂದ್ರ ಕೆಲಸ ನಿಮ್ದೇ. ತರ್ಲಿಲ್ಲಂದ್ರ ನನ್ನ ಬಯ್ಯಬ್ಯಾಡ್ರಿ" ಎಂದಿದ್ದರು. ಕಾಕಾ ನನಗೊಂದು ಮಾತು ಕೊಟ್ಟಿದ್ದ: "ಗಾಡಿ ಬಂದ ಮರುದಿನದಿಂದ ಸ್ಟೇರಿಂಗ್ ನಿನ್ನ ಕೈಯಾಗ." ನನ್ನ ಜೇಬಿನಲ್ಲಿ ಐಟಿಐ ಸರ್ಟಿಫಿಕೇಟಿತ್ತು, ಲೈಸೆನ್ಸಿತ್ತು, ಜೇಬು ಬಿಟ್ಟರೆ ಅವೆರಡಕ್ಕೂ ಬೇರೆ ಗತಿಯಿರಲಿಲ್ಲ. ಹೀಗಾಗಿ ನನ್ನ ಬದುಕು ಸಣ್ಣ ಇಂಜಿನ್ನಿಗೂ ದೊಡ್ಡ ಇಂಜಿನ್ನಿಗೂ ನಡುವೆ ನ್ಯೂಟ್ರಲ್ಲಿನಲ್ಲಿ ನಿಂತಿತು.

ನನ್ನಲ್ಲಿ ಇನ್ನೊಂದು ವಿದ್ಯೆಯಿದೆ, ಮಂದಿಯ ದನಿ ತೆಗೆಯುವುದು. ತಹಶೀಲಿ ಕಚೇರಿಯ ಜವಾನ, ಚಂದಾಪುರದ ಬಟ್ಟೆ ಅಂಗಡಿಯಾತ, ಸಿಟ್ಟಿಗೆದ್ದ ನಮ್ಮ ಅಪ್ಪ, ಸುಳ್ಳು ಹೇಳುವ ನಾನೇ, ಎಲ್ಲರ ದನಿಯೂ ಬರುತ್ತದೆ. ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾಗಿದೆಯೆಂದು ಹೇಳುವ ಹೆಣ್ಣಿನ ದನಿ ತೆಗೆದೆ. ಎದ್ದು ನಿಂತಿದ್ದ ಮೂವರು ಮತ್ತೆ ಕೂತರು, ಅವರ ರೈಲು ಅವರೆದುರೇ ಹೋಯಿತು. ಈ ವಿದ್ಯೆಯಿಂದ ಈವರೆಗೆ ನನಗೆ ಬೈಗುಳ ಮಾತ್ರ ಸಿಕ್ಕಿದೆ. ಇದರಿಂದ ಯಾರ ಹೊಟ್ಟೆಗೂ ಒಂದು ತುತ್ತು ಹೋಗಿಲ್ಲ.

ಸಣ್ಣದೋ ದೊಡ್ಡದೋ ಎಂಬ ಪ್ರಶ್ನೆ ಅಷ್ಟು ಕಠಿಣವೇ? ಗಾಡಿಯ ಮೈ ಒಂದೇ, ಬಣ್ಣ ಒಂದೇ. ಸಣ್ಣ ಇಂಜಿನ್ನು ಡೀಸೆಲ್ ಕಮ್ಮಿ ಕುಡಿಯುತ್ತದೆ. ಶಹಾಬಾದಿನಿಂದ ಸೇಡಂವರೆಗೆ ರಸ್ತೆ ರೊಟ್ಟಿ ಹಂಚಿನ ಹಾಗೆ ಸಪಾಟು, ಅದಕ್ಕೆ ಸಣ್ಣದೇ ಸಾಕು. ಆದರೆ ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ ಏರು ಹತ್ತಬೇಕೆಂದರೆ ದೊಡ್ಡದಿರಬೇಕು ಎನ್ನುವುದು ಕಾಕಾನ ವಾದ.

"ಕಾಕಾ, ಇಪ್ಪತ್ತೆರಡು ವರ್ಷದಾಗ ಕುಂಚಾವರಂಕ ಎಷ್ಟು ಸಲ ಹೋಗಿದ್ದಿ?"

"ಎರಡು ಸಲ."

"ಲೋಡ್ ಎಷ್ಟಿತ್ತು?"

"ಒಂದು ಸಲ ಖಾಲಿ ಇತ್ತು. ಇನ್ನೊಂದು ಸಲ ನಿಮ್ಮ ಕಾಕಿ ಇದ್ದಳು."

ಒಳಗಿನಿಂದ ಕಾಕಿಯ ದನಿ ಬಂತು. "ಹಂಗಿದ್ರ ಕಾಗಿಣಾ ಹೊಳಿ ನಮ್ಮ ಹೊಸ್ತಿಲಿಗಿ ಬಂದೀತಂತ ಮಾಳಿಗಿ ಮ್ಯಾಲ ಒಂದು ದೋಣಿನೂ ಇಡ್ರಿ."

ಬೇರೆ ಯಾರೇ ಆಗಿದ್ದರೂ ನಾಚಿಕೊಳ್ಳುತ್ತಿದ್ದರು. ಕಾಕಾ ಗಲ್ಲ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ. "ಸಣ್ಣ ದೋಣಿಯೋ, ದೊಡ್ಡದೋ?" ಅಂದ. ನಾನು ಎದ್ದು ಹೊರಗೆ ಹೋದೆ.

ಸಲಹೆ ಕೇಳುವ ಕೆಲಸವೂ ಆಯಿತು. ವಾಡಿಯ ಮಿಸ್ತ್ರಿಗೆ ಕೇಳಿದರೆ ಆತ ಬೀಡಿ ಆರಿಸಿ, ವೇದಾಂತಿಯ ಹಾಗೆ ಹೇಳಿದ: "ಸಣ್ಣದು ತೊಗೊಂಡ್ರ ಗಾಡಿ ಅಳ್ತದ. ದೊಡ್ಡದು ತೊಗೊಂಡ್ರ ನೀವು ಅಳ್ತೀರಿ." ಸರಿ, ಯಾರು ಅಳಬೇಕು ಎಂಬುದರ ಮೇಲೆ ಒಂದು ವಾರ ಹೋಯಿತು. ಆ ವಾರ ನಿಜವಾಗಿ ಅತ್ತವನು ನಾನೊಬ್ಬನೇ, ಅದೂ ಬಚ್ಚಲಲ್ಲಿ.

ಶೋರೂಮಿಗೆ ಮೂರು ಸಲ ಹೋದೆವು. ಮೊದಲ ಸಲ ಕಾಕಾ ಆಟೋದಲ್ಲಿ ಹನ್ನೆರಡು ಪರಸಿ ಹೇರಿಕೊಂಡೇ ಬಂದಿದ್ದ. ಟೈ ಕಟ್ಟಿದ ಹುಡುಗ ಗಾಬರಿಯಾದ.

"ಸರ್, ಟೆಸ್ಟ್ ಡ್ರೈವ್ ಅಂದ್ರ ಖಾಲಿ ಗಾಡಿ ಓಡಸಿ ನೋಡೋದ್ರಿ."

"ಖಾಲಿ ಗಾಡಿ ನೋಡಿ ಏನು ಗೊತ್ತಾಗ್ತದಪಾ? ಉಪವಾಸ ಇದ್ದವನ ಮಾರಿ ನೋಡಿ, ಇಂವ ಮೂಟಿ ಎಷ್ಟು ಹೊರ್ತಾನಂತ ಹೇಳ್ಲಿಕ್ಕಾಗ್ತದೇನು?"

ಹುಡುಗ ಒಳಗೆ ಹೋಗಿ ಮ್ಯಾನೇಜರನನ್ನು ಕರೆತಂದ. ಮ್ಯಾನೇಜರ್ ಬಂದು ಕಲ್ಲು ಮುಟ್ಟಿ ನೋಡಿ, ತನ್ನ ಮನೆಯ ಅಂಗಳಕ್ಕೆ ಇಂಥದ್ದೇ ಬೇಕಿತ್ತು, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ. ಗಾಡಿ ಕೊಳ್ಳಲು ಹೋಗಿ ಕಲ್ಲು ಮಾರಿ ಬಂದೆವು.

ಮೂರನೆಯ ಸಲ ಕಾಕಿಯನ್ನೂ ಕರೆದುಕೊಂಡು ಹೋದ. ಆಗಲೇ ನನಗೆ ಇವನ ತಲೆಯ ಯಾವುದೋ ನಟ್ಟು ಸಡಿಲಾಗಿದೆ ಅನ್ನಿಸಿದ್ದು. ಕಾಕಿಯನ್ನು ರಸ್ತೆಗೆ ಬೆನ್ನು ಮಾಡಿ ಸೋಫಾದ ಮೇಲೆ ಕೂರಿಸಿದ. ನನಗೆ ಸಣ್ಣದರ ಚಾವಿ ಕೊಡಿಸಿ, "ಪೆಟ್ರೋಲ್ ಬಂಕಿನ ತಿರುವಿನ ತನ ಹೋಗಿ ತಿರುಗಿ ಬಾ" ಅಂದ. ಆಮೇಲೆ ದೊಡ್ಡದರಲ್ಲೂ ಹಾಗೆಯೇ. ಎರಡೂ ಸಲ ತಾನು ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದ. ಒಮ್ಮೆಯೂ ಗಾಡಿಯೊಳಗೆ ಕೂರಲಿಲ್ಲ.

"ಯಾವುದು ಗೊತ್ತಾಯ್ತು?" ಎಂದು ಕಾಕಿಯನ್ನು ಕೇಳಿದ.

"ನನಗೇನು ಗೊತ್ತಾಗ್ತದ್ರಿ? ಎಲ್ಲಾ ಗಾಡಿ ಒಂದೇ ನಮೂನಿ ಗುಂಯ್ ಅಂತಾವ."

ಕಾಕಾನ ಮುಖ ಇಳಿದುಹೋಯಿತು. ಟೈ ಹುಡುಗ ಓಡಿ ಬಂದ. "ಏನು ತಪ್ಪಾಯ್ತ್ರಿ ಸರ್?"

"ಏನೂ ತಪ್ಪಿಲ್ಲಪಾ ಇದರಾಗ. ಅದೇ ತೊಂದ್ರಿ" ಎಂದು ಕಾಕಾ ಚಪ್ಪಲಿ ಮೆಟ್ಟಿಕೊಂಡ. ಬಸ್ಸಿನಲ್ಲಿ ಬರುವಾಗ ಟೈ ಹುಡುಗನ ದನಿ ತೆಗೆದು ಕಾಕಿಯನ್ನು ನಗಿಸಿದೆ. ಕಾಕಾ ಕಿಟಕಿಯಾಚೆ ಹೋಗುವ ಪ್ರತಿ ಗಾಡಿಗೂ ಕಿವಿ ಕೊಡುತ್ತ ಕೂತಿದ್ದ.

ಆಮೇಲೆ ಶುರುವಾಯಿತು ನನ್ನ ಗಂಟಲಿನ ಗ್ರಹಚಾರ. ಒಂದು ಸಂಜೆ ಕಾಕಾ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, "ಮಂದಿ ದನಿ ತೆಗಿತಿ. ಇಂಜಿನ್ನಿಂದು ಬರ್ತದೇನು?" ಅಂದ. ನನ್ನ ಸೊಕ್ಕು ನೋಡಿ: ಬರುತ್ತದೆ ಅಂದುಬಿಟ್ಟೆ.

"ಹಂಗಿದ್ರ ಸಣ್ಣದು. ಒಂದೂವರೆ ಟನ್ ಪರಸಿ ಅದ. ಎರಡನೇ ಗೇರು. ಚಿಂಚೋಳಿ ದಾಟಿ ಏರು ಹತ್ತಲಿಕತ್ತದ. ಮಾಡು."

ಮಾಡಿದೆ. ಹೊಟ್ಟೆಯಿಂದ ಉಸಿರೆಳೆದು, ತುಟಿ ನಡುಗಿಸಿ, ಏರಿನ ಅರ್ಧಕ್ಕೆ ತಂದೆ. ಅಷ್ಟರಲ್ಲಿ ಎಂಜಲು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು.

ಕಾಕಾ ಕಣ್ಣು ತೆರೆದ. "ನೋಡಿದಿಲ್ಲೋ? ಏರಿನ ಮ್ಯಾಲ ಕೆಮ್ಮಿತು. ಸಣ್ಣದು ಬ್ಯಾಡ."

"ಕಾಕಾ, ಕೆಮ್ಮಿದ್ದು ನಾನು."

"ಸಪಾಟ ರಸ್ತಾದಾಗ ಯಾಕ ಕೆಮ್ಮಲಿಲ್ಲ ಮತ್ತ?"

ಮರುದಿನ ದೊಡ್ಡದರ ಪರೀಕ್ಷೆ. ಜೋರಾಗಿಯೇ ತೆಗೆದೆ. ಎದುರು ಮನೆಯ ನಾಯಿ ಬೊಗಳಿತು, ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. "ಭಾಳ ಗದ್ದಲ ಮಾಡ್ತದ. ಓಣಿ ಮಂದಿ ಬಯ್ತಾರ" ಎಂದು ಅದನ್ನೂ ತಳ್ಳಿಹಾಕಿದ. ಆಮೇಲೆ ದಿನವೂ ಇದೇ. ನನಗೆ ನೆಗಡಿಯಾದ ದಿನ ಎರಡೂ ಇಂಜಿನ್ನು ಒಟ್ಟಿಗೆ ಕೆಟ್ಟವು. ಒಂದು ಸಲ ಮೋಸವನ್ನೂ ಮಾಡಿ ನೋಡಿದೆ. ಹೇಗಾದರೂ ಗಾಡಿ ಮನೆಗೆ ಬರಲೆಂದು ಸಣ್ಣದನ್ನು ಜೇನು ಸವರಿದ ಹಾಗೆ ಮಾಡಿದೆ. ಕಾಕಾ ಅರ್ಧಕ್ಕೇ ಕೈ ಎತ್ತಿದ. "ಇದು ಇಳಿಜಾರಿನ ಸಪ್ಪಳ. ಕಾಕಾಗ ಮೋಸ ಮಾಡಬ್ಯಾಡ ತಮ್ಮಾ." ಏರಿನದೋ ಇಳಿಜಾರಿನದೋ ಹೇಳಬಲ್ಲ ಈ ಕಿವಿಗೆ, ಗಾಡಿ ಯಾವುದು ಬೇಕೆಂದು ಮಾತ್ರ ಹೇಳಲಾಗುತ್ತಿರಲಿಲ್ಲ. ನಾನು ಆಸೆ ಬಿಟ್ಟೆ. ಬೇವು ಚಿಗುರಿತು, ಹೂವೂ ಬಿಟ್ಟಿತು. ಸಾಹುಕಾರರ ಫೋನು ಬಂದಾಗಲೆಲ್ಲ ಕಾಕಾ "ಒಂದೇ ವಾರ್ರೀ" ಅನ್ನುತ್ತಿದ್ದ. ಆ ಒಂದು ವಾರದ ಉದ್ದಕ್ಕೆ ಯಾವ ಇಂಜಿನ್ನೂ ಸಾಲುತ್ತಿರಲಿಲ್ಲ.

ಯುಗಾದಿ ಬಂತು, ಬೇವಿನ ಪಾನಕ ಕುಡಿದೆವು, ಯುಗಾದಿ ಹೋಯಿತು. ನಾಲ್ಕನೆಯ ದಿನ ನಾನು ಬಸ್ಸು ಹತ್ತಿ ಶಹಾಬಾದಿಗೆ ಹೋದೆ. ಕಾರ್ಖಾನೆಯ ಅಂಗಳದಲ್ಲಿ ಬೇರೆಯವರ ಹೊಸ ಪಿಕಪ್ ನಿಂತಿತ್ತು. ಕನ್ನಡಿಗೆ ಹೂವಿನ ಹಾರ, ಮುಂದೆ ಒಡೆದ ಕಾಯಿ. ಹಮಾಲರು ಪರಸಿ ಹೇರುತ್ತಿದ್ದರು. ಸಾಹುಕಾರರು ನನ್ನನ್ನು ನೋಡಿ ಚಹಾ ತರಿಸಿದರು. "ನಿಮ್ಮ ಕಾಕಾಗ ಏನಂತ ಹೇಳ್ಲಿ? ಏಳು ತಿಂಗಳ ಕಾದೆ" ಎಂದರು. ಅವರ ದನಿ ತೆಗೆಯಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಮನೆಗೆ ಬಂದವನೇ ಒದರಿಬಿಡಬೇಕೆಂದಿದ್ದೆ. ಬಾಯಿ ತೆರೆದರೆ ಬಂದದ್ದು ಕಾಕಾನ ದನಿ. ಅವನೆದುರು ಅವನ ದನಿಯನ್ನು ಎಂದೂ ತೆಗೆದಿರಲಿಲ್ಲ. ಗಲ್ಲ ಕೆರೆದುಕೊಂಡು, ಕಣ್ಣು ಮುಚ್ಚಿ, "ಸಣ್ಣದು ಛಲೋ ಅದ ತಮ್ಮಾ, ಖರೆ ದೊಡ್ಡದರಾಗೂ ಒಂದು ಮಾತು ಅದ, ಖರೆ ಸಣ್ಣದು..." ಎಂದೆ. ಸಾಹುಕಾರರ ಕೆಲಸ ಹೋಯಿತೆಂಬುದನ್ನೂ ಅದೇ ದನಿಯಲ್ಲಿ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಕಾಕಿ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಕಾಕಾ ತನ್ನ ಅಂಗೈ ನೋಡಿಕೊಂಡ. "ಬರೋಬ್ಬರಿ ತೆಗಿತಿ ನನ್ನ ದನಿ" ಅಂದ. ಆಮೇಲೆ, "ಹಳೇ ಗಾಡಿದು ಬರ್ತದೇನು? ಗಿರಣಿ ತಿರುವಿನಾಗ ಗೇರ್ ಇಳಸ್ತಿದ್ನಲ್ಲ, ಆವಾಗಿಂದು" ಎಂದು ಕೇಳಿದ.

ನಮ್ಮ ಓಣಿಯ ಬಾಯಲ್ಲಿ ಹಿಟ್ಟಿನ ಗಿರಣಿಯಿದೆ. ಅಲ್ಲಿ ತಿರುಗಿದರೆ ಮನೆ ನೂರು ಹೆಜ್ಜೆ. ಹಳೇ ಗಾಡಿ ಅಲ್ಲಿ ಗೇರು ಇಳಿಸುವಾಗ ಒಂದು ಸಲ ನರಳಿ, ಸೈಲೆನ್ಸರಿನಿಂದ ಎರಡು ಸಲ ಟಪ್ ಟಪ್ ಅಂದು, ಮುದುಕ ಗಂಟಲು ಸರಿಮಾಡಿಕೊಂಡ ಹಾಗೆ ಮುಂದೆ ಬರುತ್ತಿತ್ತು. ಹುಟ್ಟಿದಂದಿನಿಂದ ಕೇಳಿದ ಸಪ್ಪಳ. ಅದಕ್ಕೆ ಅಭ್ಯಾಸ ಬೇಕೇ? ಸಿಟ್ಟಿನಲ್ಲೇ ಮಾಡಿದೆ.

ಒಳಗೆ ಹಂಚು ಒಲೆಯ ಮೇಲೆ ಕೂತ ಸಪ್ಪಳ ಕೇಳಿತು. ಹಿಂದೆಯೇ ಜೋಳದ ಹಿಟ್ಟು ತಟ್ಟುವ ಸಪ್ಪಳ. ನಾಲ್ಕು ಸಲ ಬಡಿದು ಅದು ತಟ್ಟನೆ ನಿಂತಿತು. ಕಾಕಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಖಾಲಿ ಓಣಿ ನೋಡಿದಳು, ನನ್ನ ಬಾಯಿ ನೋಡಿದಳು.

"ಕೈ ತಾವೇ ಹೋದ್ವು ನೋಡು" ಅಂದಳು. "ಗಾಡಿ ಗಿರಣಿ ಕಡೆ ತಿರುಗ್ತಂದ್ರ ನಾ ಹಂಚು ಇಡಾಕಿ. ಇವರು ಕಾಲು ತೊಳಕೊಂಡು ಕುಂದ್ರೂದ್ರಾಗ ಮೊದಲ ರೊಟ್ಟಿ ಹಂಚಿನಿಂದ ತೆಗಿತಿದ್ದೆ."

ಕಾಕಾ ನೆಲ ನೋಡುತ್ತಿದ್ದ. "ಈಗಿನ ಗಾಡಿ ಸಣ್ಣದಿರ್ಲಿ ದೊಡ್ಡದಿರ್ಲಿ, ಎಲ್ಲಾ ಮಂದಿ ಗಾಡಿ ಹಂಗೇ ಬರ್ತಾವ ತಮ್ಮಾ. ಆಕಿಗಿ ಹ್ಯಾಂಗ ಗೊತ್ತಾಗಬೇಕು?"

"ಫೋನ್ ಹಚ್ಚಬಾರದೇನು ಕಾಕಾ?"

"ರೊಟ್ಟಿ ಹಾಕಂತ ಫೋನ್ ಮಾಡೂದು ಹೊಟೇಲಿನವ್ರಿಗಿ."

ಕುಂಚಾವರಂ ಏರಿಗೂ ಈ ಏಳು ತಿಂಗಳಿಗೂ ಏನೂ ಸಂಬಂಧವಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಎಂದಿನಂತೆ ಬಾಯಿಗೆ ಬಂದದ್ದನ್ನು ಹೇಳಿದೆ. "ಗಾಡಿ ಓಡ್ಸಾಂವ ನಾನಲ್ಲೇನು?"

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಒಂದು ಹಳೆಯ ಗಾಡಿಯ ವ್ಯಾಪಾರಕ್ಕೆ ನಿಂತವನ ಹಾಗೆ.

ಆ ವಾರವೇ ಸಣ್ಣದು ತಂದೆವು. ಸಾಹುಕಾರರ ಕೆಲಸ ತಿರುಗಿ ಬರಲಿಲ್ಲ. ಬರುತ್ತದೆಂದು ನಾನೂ ಕಾದಿಲ್ಲ. ತೆಂಗಳಿಯಿಂದ ತೊಗರಿ ಚೀಲ, ಚಂದಾಪುರಕ್ಕೆ ಸಿಮೆಂಟು, ಒಮ್ಮೊಮ್ಮೆ ಯಾರದೋ ಮದುವೆಯ ಮಂಚ ಕಪಾಟು, ಸಿಕ್ಕಿದ್ದನ್ನು ಹೇರುತ್ತೇವೆ. ಕೆಲವು ದಿನ ಏನೂ ಸಿಗುವುದಿಲ್ಲ. ಗಾಡಿಯೇನೋ ಬಹಳ ನಯ. ಗಿರಣಿ ತಿರುವಿಗೆ ಬಂದರೂ ಒಳಗೆ ಕೂತ ನಮಗೇ ಸದ್ದು ಕೇಳಿಸುವುದಿಲ್ಲ.

ಅಲ್ಲಿ ಕಿಟಕಿಯ ಗಾಜು ಇಳಿಸಿ ನಾನು ತಲೆ ಹೊರಗೆ ಹಾಕುತ್ತೇನೆ. ಪಕ್ಕದಲ್ಲಿ ಕಾಕಾ ಕಣ್ಣು ಮುಚ್ಚಿ ಕೂತಿರುತ್ತಾನೆ.

"ಮಾಡು" ಅನ್ನುತ್ತಾನೆ. "ಕೆಮ್ಮಬ್ಯಾಡ ಮತ್ತ."