ಹೆಂಡತಿಯನ್ನು ಕಂಪ್ಯೂಟರಿನಲ್ಲಿ ಹುಡುಕಿದ್ದು

ದೀಪದ ಬುಡ ಕತ್ತಲೆ ಎಂಬ ಗಾದೆ ಗ್ರಂಥಪಾಲಕರನ್ನು ನೋಡಿಯೇ ಹುಟ್ಟಿರಬೇಕು. ಶಿರಸಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಪುಸ್ತಕ ಕಾದ ನಾನು, ಯಾರು ಯಾವ ಪುಸ್ತಕ ಕೇಳಿದರೂ ಕಪಾಟು ತೋರಿಸಬಲ್ಲೆ. ಆದರೆ ನನ್ನ ಹೆಂಡತಿ ಸಾವಿತ್ರಿ ಬರೆದದ್ದರಲ್ಲಿ ಒಂದನ್ನೂ ಅವಳದೆಂದು ತಿಳಿದು ಓದಿರಲಿಲ್ಲ. ಮನೆಯಲ್ಲೇ ಇರುವ ಗ್ರಂಥಕ್ಕೆ ಅವಸರವೇನು ಎಂದು ಮುಂದೂಡುತ್ತ ಬಂದಿದ್ದೆ.

ನಮ್ಮಲ್ಲಿ ಪುಸ್ತಕಪಟ್ಟಿಯ ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಏರಿದ ವರ್ಷವೇ ಯಲ್ಲಾಪುರದ ಮಹಿಳಾ ಮಂಡಳವೊಂದು ಅವಳನ್ನು ಸನ್ಮಾನಿಸಲು ಹೊರಟಿತು. ಅವಳ ಎಲ್ಲ ಕೃತಿಗಳ ಪಟ್ಟಿ ಕಳಿಸಿ, ವೇದಿಕೆಯಲ್ಲಿ ಓದುತ್ತೇವೆ ಎಂದು ಕಾಗದ ಬಂತು. ಎಷ್ಟು ಪುಸ್ತಕ ಎಂದು ಅವಳನ್ನೇ ಕೇಳಿದೆ.

"ಬರೆಯದು ಎನ್ನ ಕೆಲಸ, ಹುಡ್ಕದು ನಿಂಗಳ ಕೆಲಸ" ಎಂದು ಅವಳು ದೋಸೆ ಮಗುಚಿದಳು. ಮುಖದಲ್ಲಿ ನಗುವಿರಲಿಲ್ಲ. ಇದು ಪರೀಕ್ಷೆಯೆಂದು ಗೊತ್ತಾಯಿತು. ಸಭೆಗೆ ಉಮ್ಮಚಗಿಯಿಂದ ಅವಳ ತವರಿನವರೆಲ್ಲ ಬರುವವರು. ಒಂದು ಪುಸ್ತಕ ಬಿಟ್ಟುಹೋದರೂ ಅಳಿಯನ ಮಾನ ಉಳಿಯುವುದಿಲ್ಲ.

"ಒಂದು ಗುಂಡಿ ಒತ್ತಿದರೆ ಬರುತ್ತದೆ" ಎಂದು ಹೇಳಿ ಹೋದವನು, ಲೇಖಕರ ಹೆಸರಿನ ಜಾಗದಲ್ಲಿ ಮದುವೆಯ ಕರೆಯೋಲೆಗೆ ಬರೆಯುವ ಹಾಗೆ ಮರ್ಯಾದೆಯಿಂದ 'ಶ್ರೀಮತಿ ಸಾವಿತ್ರಿ ಗಣಪತಿ ಹೆಗಡೆ, ಶಿರಸಿ' ಎಂದು ತುಂಬಿದೆ. ಕಂಪ್ಯೂಟರು ಅಂಥವರು ಯಾರೂ ಇಲ್ಲ ಎಂದಿತು. ಬರೀ 'ಹೆಗಡೆ' ಎಂದೆ. ಶಿರಸಿ, ಸಿದ್ದಾಪುರ ಎರಡೂ ತಾಲೂಕು ಪರದೆಯ ಮೇಲೆ ಬಂದು ಕೂತವು. ಅಡಿಕೆಯ ಕೊಳೆರೋಗದಿಂದ ಹಿಡಿದು ತರ್ಕಶಾಸ್ತ್ರದವರೆಗೆ ಹೆಗಡೆಯವರು ಬರೆಯದ ವಿಷಯವೇ ಇರಲಿಲ್ಲ.

ಬನವಾಸಿ ಕಡೆಯಿಂದ ಬರುವ ಸಹಾಯಕಿ ರೇಣುಕಾ ಪರದೆಯತ್ತ ಬಗ್ಗಿ ನೋಡಿದರು. "ಸರ್, ಮದುವಿಕಿಂತ ಮೊದ್ಲ ಬರದಿದ್ರ ತವರಮನಿ ಅಡ್ಡಹೆಸರ ಹಾಕ್ರಿ. ಶ್ರೀಮತಿ ತಗೀರಿ."

'ಸಾವಿತ್ರಿ ಭಟ್ಟ' ಎಂದು ಹಾಕಿದೆ. ಮೂರು ಕಥಾಸಂಕಲನಗಳು ಬಂದವು. ಕೆಳಗೆ ಸಣ್ಣ ಸಾಲೊಂದಿತ್ತು: 'ಸುಗಂಧಿ ಎಂಬ ಹೆಸರನ್ನೂ ನೋಡಿ.' ನೋಡಿದೆ. 'ಡಬ್ಬಿಗಳ ಸಂಸಾರ' ಎಂಬ ಹಾಸ್ಯ ಪುಸ್ತಕ ಬಂತು.

ಆ ಪುಸ್ತಕ ನಾನು ಎರಡು ಸಲ ಓದಿದ್ದೆ. ಅದರಲ್ಲೊಬ್ಬ ಗಂಡ ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಲ್ಲಿ ಜೋಡಿಸುತ್ತಾನೆ. ಅವಸರದಲ್ಲಿ ಹೆಂಡತಿ ಸಾರಿಗೆ ಇಂಗಿನ ಬದಲು ಪಕ್ಕದ ಡಬ್ಬಿಯಿಂದ ಇನ್ನೇನೋ ಹಾಕುತ್ತಾಳೆ. ಡಬ್ಬಿಗಳನ್ನು ನಾನೂ ಹಾಗೇ ಜೋಡಿಸುತ್ತೇನೆ, ಆದರೆ ಅವನಂತೆ ಚೀಟಿ ಅಂಟಿಸುವ ಹುಚ್ಚು ನನಗಿಲ್ಲ. ಬಿದ್ದು ಬಿದ್ದು ನಕ್ಕು, ಸಾವಿತ್ರಿಗೂ ಓದಿ ಹೇಳಿ, "ನೋಡು, ನಿನ್ನ ಗಂಡ ಎಷ್ಟೋ ವಾಸಿ" ಎಂದಿದ್ದೆ. "ಹೌದು ಹೇಳಿ ಕಾಣ್ತು" ಎಂದಷ್ಟೇ ಹೇಳಿ ಒಪ್ಪಿಕೊಂಡಿದ್ದಳು.

"ಆ ಸಾಲು ಸೇರಿಸಿದಾಕಿ ನಾನರಿ" ಎಂದರು ರೇಣುಕಾ. "ಸುಗಂಧಿ ಅಂದ್ರ ತಾವ ಅಂತ ಮೇಡಮ್ಮಾರು ಹೇಳಿದ್ರು. ನಿಮಗ ಗೊತ್ತಿಲ್ಲಂತ ನನಗ ಗೊತ್ತಿರಲಿಲ್ರಿ."

ಎರಡು ದಿನ ಒದ್ದಾಡಿದೆ. ಆ ಪುಸ್ತಕವನ್ನು ಪಟ್ಟಿಗೆ ಸೇರಿಸಿದರೆ ತವರಿನವರ ಎದುರು ನಾನು ಡಬ್ಬಿ ಗಂಡ; ಬಿಟ್ಟರೆ ಹೆಂಡತಿಯ ಪುಸ್ತಕವನ್ನೇ ಹುಡುಕಲಾಗದ ಗ್ರಂಥಪಾಲಕ. ಮದುವೆಯಾದ ಮೇಲೆ ಅವಳು ಬರೆದ ಒಂದೊಂದು ಪುಟವೂ ನನ್ನ ಪಕ್ಕದಲ್ಲೇ ಕೂತು ಬರೆದದ್ದು, ನಾನು ಕತ್ತೆತ್ತಿಯೂ ನೋಡಿರಲಿಲ್ಲವಲ್ಲ ಎಂದು ನಿಜವಾಗಿ ನಾಚಿಕೆಯಾಯಿತು. ಪಟ್ಟಿಯಲ್ಲಿ ನಾಲ್ಕನ್ನೂ ಬರೆದೆ. ಸಾವಿತ್ರಿ ಅದನ್ನು ಓದಿ, ಮಡಚಿ ಲಕೋಟೆಗೆ ಹಾಕಿ, ಆ ದಿನ ಎರಡನೇ ಸಲ ಚಹಾ ಮಾಡಿಕೊಟ್ಟಳು.

ಯಲ್ಲಾಪುರದ ಸಭೆಯಲ್ಲಿ ಪಟ್ಟಿ ಓದಿದರು. 'ಡಬ್ಬಿಗಳ ಸಂಸಾರ' ಬಂದಾಗ ಭಾವಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಧ್ಯಕ್ಷೆ ನಗುತ್ತ, "ಆ ಗಂಡ ನಿಜವಾಗಿ ಇದ್ದಾರಾ?" ಎಂದು ಕೇಳಿಯೇಬಿಟ್ಟರು. ನಾನು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಇಲ್ಲ, ಪೂರ್ತಿ ಕಲ್ಪನೆ. ಅಂಥವರು ಎಲ್ಲಾದರೂ ಇರ್ತಾರಾ?" ಎಂದಳು ಸಾವಿತ್ರಿ.

ಮಾನ ಉಳಿಯಿತು. ಸಮಾಧಾನವಾಗಬೇಕಿತ್ತು. ಆದರೆ ದಾರಿಯುದ್ದಕ್ಕೂ ಒಳಗೊಳಗೇ ಉರಿ. ಇಪ್ಪತ್ತು ವರ್ಷ ಅಷ್ಟೊಂದು ಸಾಮಗ್ರಿ ಒದಗಿಸಿದವನು ಕಲ್ಪನೆಯೇ? ಮರುದಿನ ಬೆಳಿಗ್ಗೆ ರೇಣುಕಾ ಬರುವ ಮೊದಲೇ ಗ್ರಂಥಾಲಯದ ಬಾಗಿಲು ತೆರೆದು, ಕಂಪ್ಯೂಟರಿನಲ್ಲಿ ಆ ಪುಸ್ತಕವನ್ನು ಹುಡುಕಿ, 'ವಿಷಯ' ಎಂಬಲ್ಲಿ ನನ್ನ ಪೂರ್ತಿ ಹೆಸರು ಹಾಕಿದೆ.