ಸಂಗಪ್ಪನ ಕಳೆಯುವ ಲೆಕ್ಕ

ತಿಂಗಳುಗಟ್ಟಲೆ ನಡೆಯಬೇಕಾದ ಸಂಶೋಧನೆಯನ್ನು ಸಂಗಪ್ಪ ಒಂದೇ ದಿನದಲ್ಲಿ ಮುಗಿಸಬೇಕಾಗಿ ಬಂದದ್ದಕ್ಕೆ ಕಾರಣ ಅವನ ತಂಗಿಯ ಮದುವೆ. ಇಳಕಲ್ಲಿಗೆ ಹೋದವನು ಹೋಳಿಗೆ ತಿನ್ನುತ್ತಾ, ಬೀಗರ ಮನೆಗಳನ್ನು ಸುತ್ತುತ್ತಾ ಅಲ್ಲೇ ಉಳಿದುಬಿಟ್ಟ. ಯಲಹಂಕಕ್ಕೆ ಮರಳಿದಾಗ ಸುದ್ದಿ ಕಾದಿತ್ತು: ಟ್ರೈನಿಂಗ್ ಕಾಲೇಜಿನ ಮಹಾಲಿಂಗಪ್ಪನವರು ಮರುದಿನ ಮಧ್ಯಾಹ್ನವೇ ಅವನಿಗೆ ಅಭ್ಯಾಸಕ್ಕೆಂದು ಗೊತ್ತುಮಾಡಿದ ಶಾಲೆಗೆ ಬಂದು, ಸಂಶೋಧನೆ ನೋಡಿ, ಸಹಿ ಹಾಕುತ್ತಾರೆ. ಆ ಸಹಿ ಇಲ್ಲದೆ ಮೇಷ್ಟ್ರಾಗಲು ಬೇಕಾದ ಟಿ.ಸಿ.ಎಚ್. ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಮಣ್ಣುಪಾಲು.

ಸಂಶೋಧನೆಯೆಂದರೆ ಆಕಾಶಕ್ಕೆ ಏಣಿ ಹಾಕುವ ಕೆಲಸವೇನಲ್ಲ. ಮೂರನೇ ತರಗತಿಯ ಮಕ್ಕಳಿಗೆ ದಶಕ ಬಿಡಿಸಿ ಕಳೆಯುವ ಲೆಕ್ಕ ಬರುವುದಿಲ್ಲವೆಂದು ಒಂದು ಪರೀಕ್ಷೆಯಿಂದ ತೋರಿಸಬೇಕು. ಹುಣಸೆ ಬೀಜ ಇಟ್ಟು ಕಲಿಸಬೇಕು. ಈಗ ಬಂತು ಎಂದು ಇನ್ನೊಂದು ಪರೀಕ್ಷೆಯಿಂದ ತೋರಿಸಬೇಕು. ಮೊದಲಿಗೆ ಮಕ್ಕಳು ದಡ್ಡರಾಗಿದ್ದರೆ ಸಾಕು, ಉಳಿದದ್ದು ಸಲೀಸು.

ಕೊಡಿಗೇಹಳ್ಳಿ ಕಡೆಯ ಆ ಸರ್ಕಾರಿ ಶಾಲೆಯ ಮಕ್ಕಳು ಅವನನ್ನು ನಿರಾಸೆಗೊಳಿಸಲಿಲ್ಲ. ಬೆಳಿಗ್ಗೆ ಕೊಟ್ಟ ಪರೀಕ್ಷೆಯಲ್ಲಿ ಒಬ್ಬರದೂ ಸರಿಯಿಲ್ಲ. ಸಂಗಪ್ಪ ಸಂತೋಷದಿಂದ ಕೆಂಪು ಗೀಟು ಎಳೆದು, ಮದುವೆಗೆ ಮುಂಚಿನ ತಾರೀಖು ಹಾಕಿ, ಹಾಳೆಗಳನ್ನು ಮೇಜಿನ ಮೇಲಿಟ್ಟು ನೀರು ಕುಡಿಯಲು ಹೋದ. ಬಂದು ನೋಡಿದರೆ ಮೇಜು ಖಾಲಿ.

“ಅಕ್ಕಾರ, ಇಲ್ಲಿ ಇಟ್ಟಿದ್ದ ಹಾಳಿ ಎಲ್ಲಿ ಹೋದವ್ರೀ?” ಎಂದು ತರಗತಿಯ ಟೀಚರ್ ಮುನಿಗಂಗಮ್ಮನವರನ್ನು ಕೇಳಿದ. ಅವರು ಅಡುಗೆ ಶೆಡ್ಡಿನತ್ತ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಆಯಾ ದಿಲ್ಶಾದ್ ಮಕ್ಕಳ ಉಪ್ಪಿಟ್ಟಿಗೆ ಒಲೆ ಹಚ್ಚಿದ್ದಳು.

“ಸೌದೆ ಹಸಿ ಇತ್ತು ಸಾಬ್,” ಎಂದಳು. “ಎಲ್ಲಾದ್ರಲ್ಲೂ ಕೆಂಪು ಗೀಟೇ ಇತ್ತಲ್ಲ, ತಪ್ಪು ಲೆಕ್ಕ ಯಾರಿಗೆ ಬೇಕು ಅಂದ್ಕೊಂಡೆ.”

ಸಂಗಪ್ಪ ಓಡಿಬಂದು ಅದೇ ಲೆಕ್ಕಗಳನ್ನು ಮತ್ತೆ ಕೊಟ್ಟ. ಈ ಸಲ ಒಬ್ಬರದೂ ತಪ್ಪಿಲ್ಲ. ಹುಣಸೆ ಬೀಜದ ಚೀಲ ಇನ್ನೂ ಬಿಚ್ಚಿಯೇ ಇರಲಿಲ್ಲ, ಅಷ್ಟರಲ್ಲಿ ಮಕ್ಕಳೆಲ್ಲ ಪಂಡಿತರಾಗಿದ್ದರು. ಕಲಿಸಲು ಏನೂ ಉಳಿಯದ ಮೇಷ್ಟ್ರಂತೆ ದಿಕ್ಕೆಟ್ಟವರು ಯಾರಿದ್ದಾರೆ? ಅವನಿಗೆ ಅಳುವೇ ಬಂತು.

ಮುನಿಗಂಗಮ್ಮನವರು ಹೆಣೆಯುತ್ತಿದ್ದ ಸ್ವೆಟರ್ ಕೆಳಗಿಟ್ಟರು.

“ಅದಕ್ಯಾಕಪ್ಪ ಇಂಗಾಡ್ತೀಯಾ? ವರ್ಷಾ ವರ್ಷಾ ನಿಮ್ ಟ್ರೈನಿಂಗ್ ಮೇಷ್ಟ್ರುಗಳು ಬತ್ತಾರೆ. ಮೊದಲನೇ ಪರೀಕ್ಷೇಲಿ ಮಕ್ಕಳು ಸರಿ ಬರೆದ್ರೆ ಮುಖ ಬಾಡಿಸ್ಕೋತಾರೆ, ತಪ್ಪು ಬರೆದ್ರೆ ನಗ್ತಾರೆ. ನಮ್ ಮಕ್ಕಳು ನೋಡಿ ನೋಡಿ ಕಲ್ತವ್ರೆ. ಹೊಸ ಮೇಷ್ಟ್ರು ಬಂದ್ರೆ ಮೊದಲು ತಪ್ಪು, ಆಮೇಲೆ ಸರಿ. ಲೆಕ್ಕ ಎಲ್ರಿಗೂ ಬತ್ತದೆ, ನಾನೇ ಯೋಳ್ಕೊಟ್ಟಿದೀನಿ.”

ಸಂಗಪ್ಪನಿಗೆ ನಾಚಿಕೆಯಾಯಿತು. ಆದರೆ ಸಹಿಯ ಮುಂದೆ ನಾಚಿಕೆ ಎಷ್ಟು ಹೊತ್ತು ನಿಂತೀತು? ತರಗತಿಗೆ ಹೋಗಿ, ಯಾರ ಮುಖವನ್ನೂ ನೋಡದೆ, “ಮೊದಲನೇ ಪರೀಕ್ಷಾ ಇನ್ನೊಮ್ಮೆ ಬರೀರಿ,” ಎಂದ.

ಮುಂದಿನ ಸಾಲಿನ ಮಲ್ಕಾ ಎದ್ದು ನಿಂತಳು. “ಪೂರ್ತಿ ತಪ್ಪಾ ಸಾರ್, ಅರ್ಧಾನಾ?”

“ನಿಮಗ ತಿಳಿದಂಗ ಬರೀರವ್ವಾ,” ಎಂದು ಸಂಗಪ್ಪ ಕಿಟಕಿಯ ಕಡೆ ತಿರುಗಿಕೊಂಡ. ಮಕ್ಕಳಿಗೆ ಚೆನ್ನಾಗಿಯೇ ತಿಳಿದಿತ್ತು. ಈ ಸಲ ಹಾಳೆಗಳಿಗೆ ಅದೇ ಹಳೆಯ ತಾರೀಖು ಹಾಕಿ ಅವನು ಅಂಗಿಯೊಳಗೆ ಇಟ್ಟುಕೊಂಡ.

ಮಧ್ಯಾಹ್ನ ಮಹಾಲಿಂಗಪ್ಪನವರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಸಂಗಪ್ಪ ಹುಣಸೆ ಬೀಜ ಹರಡಿ ಪಾಠ ಮಾಡಿ, ಎರಡನೇ ಪರೀಕ್ಷೆ ಕೊಟ್ಟ. ಒಂದು ತಪ್ಪೂ ಇಲ್ಲ. ಮಹಾಲಿಂಗಪ್ಪನವರು ಎರಡು ಕಂತೆಗಳನ್ನೂ ಹೋಲಿಸಿ ನೋಡಿ ತಲೆದೂಗಿದರು. ಪೆನ್ನಿನ ಕ್ಯಾಪು ಬಿಚ್ಚಿದರು. ಸಂಗಪ್ಪ ಸಹಿಯ ಹಾಳೆಯನ್ನು ಅವರ ಮುಂದೆ ಸರಿಸಿದ.

“ಸಹಿಗೆ ಮುಂಚೆ ನಾನೊಂದು ನಾಲ್ಕು ಲೆಕ್ಕ ಕೊಡ್ತೀನಿ. ಅದು ನನ್ನ ಪದ್ಧತಿ,” ಎಂದು ಅವರು ಎದ್ದು ಸೀಮೆಸುಣ್ಣ ಕೈಗೆತ್ತಿಕೊಂಡರು.

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಹೊಸ ಮೇಷ್ಟ್ರು. ಮೊದಲನೇ ಪರೀಕ್ಷೆ.

ಮಹಾಲಿಂಗಪ್ಪನವರ ಬೆನ್ನ ಹಿಂದೆ ಸಂಗಪ್ಪ ಕೈಯಾಡಿಸಿದ, ತಲೆಯಾಡಿಸಿದ, ಇದು ಎರಡನೇ ಪರೀಕ್ಷೆಯೆಂದು ಎರಡು ಬೆರಳು ಎತ್ತಿ ತೋರಿಸಿದ. ಅವರು ತಿರುಗಿದಾಗ ಆ ಬೆರಳಿನಿಂದಲೇ ಕಿವಿ ಕೆರೆದುಕೊಂಡ. ಮಕ್ಕಳು ಬಲು ಶ್ರದ್ಧೆಯಿಂದ ಬರೆದು ಕೊಟ್ಟರು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಎಪ್ಪತ್ತೊಂಬತ್ತು ಎಂದಿದ್ದಳು ಮಲ್ಕಾ.

“ಏನ್ರೀ ಇದು ಸಂಗಪ್ಪ? ನಿಮ್ಮ ಪಾಠ ಮಕ್ಕಳ ತಲೇಲಿ ಕಾಲು ಗಂಟೇನೂ ನಿಲ್ಲಲಿಲ್ಲವಲ್ರೀ.”

ನಿಜ ಹೇಳೋಣವೆಂದು ಸಂಗಪ್ಪ ಬಾಯಿ ತೆರೆದ. ನಿಜ ಹೇಳಿದರೆ ತಾರೀಖಿನ ವಿಷಯವೂ ಹೇಳಬೇಕು. ಬಾಯಿ ಮುಚ್ಚಿಕೊಂಡ.

ಮಹಾಲಿಂಗಪ್ಪನವರು ಹುಣಸೆ ಬೀಜಗಳನ್ನು ಪಕ್ಕಕ್ಕೆ ಸರಿಸಿ, ಅಂಗಿಯ ತೋಳು ಮಡಚಿ, ಬೋರ್ಡಿನ ಮೇಲೆ ತಾವೇ ಒಂದು ಲೆಕ್ಕ ಬಿಡಿಸಿ ತೋರಿಸಿದರು. “ಗೊತ್ತಾಯ್ತಾ?” ಎಂದು ಕೇಳಿ ಮತ್ತೆ ನಾಲ್ಕು ಲೆಕ್ಕ ಕೊಟ್ಟರು.

ಎರಡನೇ ಪರೀಕ್ಷೆ. ಒಂದು ತಪ್ಪೂ ಇಲ್ಲ.

ಹಾಳೆಗಳನ್ನು ಒಂದೊಂದಾಗಿ ತಿರುವಿದಂತೆಲ್ಲ ಮಹಾಲಿಂಗಪ್ಪನವರ ಮುಖ ಪೂರಿಯಂತೆ ಉಬ್ಬಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತಮ್ಮ ಪಾಠಕ್ಕೆ ಇಂಥ ಫಲ ಅವರು ಕಂಡಿರಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿದರು.

“ಮಕ್ಕಳಲ್ಲಿ ಏನೂ ದೋಷ ಇಲ್ಲ ಸಂಗಪ್ಪ. ಇನ್ನೊಂದು ವರ್ಷ ನನ್ನ ಕೈಕೆಳಗೇ ಇರಿ. ಕಲಿಸೋದು ಅಂದ್ರೇನು ಅಂತ ಈಗ ನೋಡಿದ್ರಲ್ಲ?”

“ನೋಡಿದ್ನಿರೀ ಸರ್,” ಎಂದ ಸಂಗಪ್ಪ.