ಟೂ ಸ್ಟ್ರೋಕ್

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಗುಟ್ಟು ಹೇಳಲು ಬರುವುದಿಲ್ಲ. ಮನಸ್ಸಿಲ್ಲವೆಂದಲ್ಲ, ಗಂಟಲಿಗೆ ಅಭ್ಯಾಸವಿಲ್ಲ. ಮನೆಯ ಮುಂದಿನ ಅರ್ಧದಲ್ಲಿ ಪವರ್‌ಲೂಮ್‌ಗಳು ದಿನವಿಡೀ ಧಡಧಡ ಬಡಿಯುತ್ತಿದ್ದರೆ, ಹಿಂದಿನ ಅರ್ಧದಲ್ಲಿರುವವರು ಚಿಟಿಕೆ ಉಪ್ಪು ಬೇಕಾದರೂ ಕೂಗಿಯೇ ಕೇಳಬೇಕು. ನಾನು ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ಮೃದುವಾಗಿ "ನಿಮ್ಮ ಹೆಸರೇನು" ಎಂದು ಕೇಳಿದೆ; ತೊಟ್ಟಿಲಲ್ಲಿ ಮಲಗಿದ್ದ ಅವರ ಮನೆಯ ಕೂಸು ಬೆಚ್ಚಿ ಅತ್ತಿತು. ಇದರ ಜೊತೆಗೆ ಇನ್ನೊಂದು ಪ್ರಸಾದವೂ ಉಂಟು. ಐವತ್ತು ದಾಟುವ ಹೊತ್ತಿಗೆ ಕಿವಿ ಅರ್ಧ ಹೋಗಿರುತ್ತದೆ. ನಾವು ಹೇಳಿದ್ದು ಊರಿಗೆಲ್ಲ ಕೇಳುತ್ತದೆ, ಊರು ಹೇಳಿದ್ದು ನಮಗೆ ಕೇಳುವುದಿಲ್ಲ. ಈ ಎರಡು ಗುಣಗಳನ್ನಿಟ್ಟುಕೊಂಡು ರಾಜಕೀಯಕ್ಕೆ ಹೋಗಿದ್ದರೆ ಉದ್ಧಾರವಾಗುತ್ತಿದ್ದೆ. ಸೀರೆ ನೇಯುತ್ತಾ ಕೂತೆ.

ನನ್ನ ಅಣ್ಣನದೊಂದು ಹಳೆಯ ಮೋಟಾರ್ ಸೈಕಲ್ ಇತ್ತು. ಎರಡು ಸೈಲೆನ್ಸರು, ಉಬ್ಬಿದ ಟ್ಯಾಂಕು, ಕಿಕ್ ಹೊಡೆಯುವ ಕೋಲೇ ಗೇರ್ ಬದಲಿಸುವ ಕೋಲೂ ಆಗುವ ವಿಚಿತ್ರ ಏರ್ಪಾಡು. ಅಪ್ಪ ಕೊಂಡಿದ್ದು, ಅಣ್ಣ ಪಳಗಿಸಿದ್ದು. ಸೀರೆಯ ಗಂಟು ಹಿಂದೆ ಬಿಗಿದುಕೊಂಡು ಬೆಂಗಳೂರಿನ ಅಂಗಡಿಗಳಿಗೆ ಅದರಲ್ಲೇ ಹೋಗಿಬರುತ್ತಿದ್ದ. ಟೂ ಸ್ಟ್ರೋಕ್ ಗಾಡಿಯಾದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಬರೀ ಪೆಟ್ರೋಲ್ ಹಾಕಿದರೆ ಇಂಜಿನ್ ಒಣಗಿ ಕಚ್ಚಿಕೊಂಡುಬಿಡುತ್ತದೆ. ಆ ಬೆರೆಸುವ ಕೆಲಸಕ್ಕೆ ಅಣ್ಣ ನನ್ನನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವನಿಗೆ ಸ್ಟ್ರೋಕ್ ಹೊಡೆಯಿತು. ಮರುವರ್ಷ ಇನ್ನೊಂದು. ಆಸ್ಪತ್ರೆಯಲ್ಲಿ ನರ್ಸುಗಳು ಅವನನ್ನು "ಟೂ ಸ್ಟ್ರೋಕ್ ಕೇಸು" ಎಂದೇ ಕರೆಯುತ್ತಿದ್ದರು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು ಒಂದೇ ಪದ: ಆಯ್ತು. ಕಾಫಿ ಬೇಕಾ ಎಂದರೆ ಆಯ್ತು, ಬೇಡವಾ ಎಂದರೆ ಆಯ್ತು, ಮೈಯೆಲ್ಲ ನೋಯುತ್ತಿದೆಯಾ ಎಂದರೂ ಆಯ್ತು. ಹುಟ್ಟಿದಾಗಿನಿಂದ ಯಾವುದಕ್ಕೂ ಒಪ್ಪದಿದ್ದ ಮನುಷ್ಯ ಎಲ್ಲಕ್ಕೂ ಒಪ್ಪತೊಡಗಿದ್ದು ನೋಡಲು ಕಷ್ಟವಾಗುತ್ತಿತ್ತು. ಅವನು ಬಿದ್ದ ದಿನದಿಂದ ಗಾಡಿಯೂ ನಡುಮನೆಯ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ನಿಂತುಬಿಟ್ಟಿತು.

ಈ ವರ್ಷ ಅವನಿಗೊಂದು ವೀಲ್‌ಚೇರ್ ತಂದೆವು. ಅದು ಜಗಲಿಗೆ ಬರಬೇಕಾದರೆ ಗಾಡಿ ಅಡ್ಡ. "ಏನಾದ್ರೂ ಮಾಡಪ್ಪ, ಅವ್ರು ಬಿಸ್ಲು ನೋಡ್ಲಿ" ಎಂದರು ಅತ್ತಿಗೆ. ನಾನು ಮೆಕ್ಯಾನಿಕ್ ಅನ್ವರ್‌ಗೆ ಫೋನ್ ಮಾಡಿದೆ. ಮಗ್ಗಗಳು ಓಡುತ್ತಿದ್ದವು, ಹಾಗಾಗಿ ನನ್ನ ಪೂರ್ತಿ ಗಂಟಲಲ್ಲಿ ಹೇಳಿದೆ: "ಭಾಯ್, ಟೂ ಸ್ಟ್ರೋಕು. ನಾಕು ವರ್ಷದಿಂದ ಮೂಲೇಲಿ ಬಿದ್ದೈತೆ. ಹತ್ರ ಹೋದ್ರೆ ವಾಸ್ನೆ. ಓಡಾಡಕ್ಕೆಲ್ಲಾ ಅಡ್ಡ. ಎಬ್ಬಿಸ್ಬೋದಾ, ಇಲ್ಲ ಗುಜರಿಗೇ ಹಾಕ್ಬುಡ್ಲಾ?"

ಆ ರಾತ್ರಿ ಅಣ್ಣ ಗೋಡೆಯ ಕಡೆ ತಿರುಗಿಕೊಂಡ. ಗಂಜಿಗೆ ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, "ನೀನು ಫೋನಲ್ಲಿ ಕೂಗಿದ್ದನ್ನೆಲ್ಲ ಕೇಳಿಸ್ಕೊಂಡವ್ರೆ ಕಣಪ್ಪ. ತಮ್ಗೇ ಅಂದಿದ್ದು ಅನ್ಕೊಂಡವ್ರೆ" ಎಂದರು. ಮೊದಲು ನಾನು ನಂಬಲಿಲ್ಲ. ಮನುಷ್ಯನಾದರೆ "ಬಿದ್ದವ್ನೆ" ಎನ್ನಬೇಕಲ್ಲ, ನಾನಂದದ್ದು "ಬಿದ್ದೈತೆ". ವ್ಯಾಕರಣವಾದರೂ ನನ್ನ ಕೈ ಹಿಡಿಯಬೇಕಿತ್ತು. ಆದರೆ ಪೂರಾ ಬೇಡವಾದ ಮನುಷ್ಯನಿಗೂ ನಮ್ಮಲ್ಲಿ ಹಾಗೇ ಅನ್ನುತ್ತಾರೆ. "ಅದೊಂದು ಇನ್ನೂ ಬಿದ್ದೈತೆ" ಎಂದು ಎಷ್ಟು ಮನೆಗಳಲ್ಲಿ ಕೇಳಿಲ್ಲ. ಅಣ್ಣನೂ ಕೇಳಿದ್ದಾನೆ.

ಅವನ ಪಕ್ಕದಲ್ಲಿ ಕೂತು, "ಅಣ್ಣಾ, ನಾನಂದಿದ್ದು ಗಾಡಿಗೆ ಕಣಣ್ಣಾ" ಎಂದೆ.

"ಆಯ್ತು."

"ನಿನ್ನಾಣೆಗೂ ಗಾಡಿಗೇ."

"ಆಯ್ತು" ಎಂದವನು ಬಾಯಿ ಮುಚ್ಚಿಕೊಂಡ. ಹೀಗೇ ಆದರೆ ಮೂಗಿಗೆ ಪೈಪು ಹಾಕಬೇಕಾಗುತ್ತದೆ ಎಂದರು ಡಾಕ್ಟರು. ನನಗೆ ನಿಜವಾಗಿ ಭಯವಾಯಿತು. ನನ್ನ ಒಂದು ಫೋನಿನಿಂದ ಅಣ್ಣ ಹಸಿದು ಸಾಯುತ್ತಾನೆಂದು ಯೋಚಿಸಿದರೆ ನನಗೂ ಅನ್ನ ಇಳಿಯಲಿಲ್ಲ. ಇನ್ನು ಬಾಯಿಮಾತಿಂದ ಆಗದು, ಆ ಗಾಡಿಯನ್ನು ಅವನ ಕಣ್ಣೆದುರಿಗೇ ಎಬ್ಬಿಸಿ ತೋರಿಸಬೇಕು ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಅನ್ವರ್ ಬಂದ. ಇಬ್ಬರೂ ಸೇರಿ ಗಾಡಿಯನ್ನು ಎತ್ತಿ ಬೀದಿಗೆ ತಂದೆವು. ದಾರಿ ಬಿಟ್ಟಿತು, ಅಣ್ಣನ ಕುರ್ಚಿ ಜಗಲಿಗೆ ಬಂತು. ಅವನು ಮಾತ್ರ ಎದುರುಮನೆಯ ಗೋಡೆ ನೋಡುತ್ತಿದ್ದ. ಅನ್ವರ್ ಕಾರ್ಬುರೇಟರ್ ಬಿಚ್ಚಿ ತೊಳೆದ, ಪ್ಲಗ್ ಬದಲಾಯಿಸಿದ, ಸೈಲೆನ್ಸರಿನಿಂದ ಒಂದು ಇಲಿ ಸಂಸಾರವನ್ನು ಒಕ್ಕಲೆಬ್ಬಿಸಿದ. ತಾನು ಬೆರೆಸಿ ತಂದಿದ್ದ ಪೆಟ್ರೋಲನ್ನು ಒಂದು ಲೋಟದಷ್ಟು ಹಾಕಿ ಕಿಕ್ ಹೊಡೆದ. ಆಮೇಲೆ ನಾನು ಹೊಡೆದೆ. ಕೋಲು ತಿರುಗಿ ಮೊಣಕಾಲಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಕೊನೆಗೆ ಅನ್ವರ್‌ನ ಕಾಲಿಗೇ ಅದು ಒಲಿಯಿತು. ಬೀದಿ ತುಂಬ ನೀಲಿ ಹೊಗೆ, ಡುಬುಡುಬು ಸದ್ದು. ಅಣ್ಣ ತಲೆ ತಿರುಗಿಸಿದ.

"ನಮಾಜ್‌ಗೆ ಹೋಗಿ ಬರ್ತೀನಿ ಅಣ್ಣಾ, ಅಲ್ಲೀಗಂಟ ಮುಟ್ಬೇಡಿ" ಎಂದು ಹೇಳಿ ಅನ್ವರ್ ಹೋದ. ಹೇಳಿದ್ದು ನನಗೆ ಕೇಳಿಸಿತ್ತು, ಅದೊಂದಕ್ಕೆ ಕಿವಿಯನ್ನು ದೂರುವಂತಿಲ್ಲ. ಅಣ್ಣ ನೋಡುತ್ತಿದ್ದಾನೆ, ಅವನ ಮುಂದೆ ಒಂದು ಸುತ್ತು ಹೊಡೆಯದಿದ್ದರೆ ಹೇಗೆ? ಬಂಕಿನಿಂದ ಕ್ಯಾನಿನಲ್ಲಿ ತಂದಿಟ್ಟಿದ್ದ ಪೆಟ್ರೋಲನ್ನು ಟ್ಯಾಂಕಿಗೆ ಸುರಿದೆ. ನನ್ನ ಹೊಸ ಸ್ಕೂಟರಿಗೆ ದಿನಾ ಹಾಕುವ ಹಾಗೇ ಸುರಿದೆ. ಅಣ್ಣ ಎಡಗೈ ಎತ್ತಿದ. "ಆಯ್... ಆಯ್..." ಎಂದ. ಆಯ್ತು ಅನ್ನುತ್ತಿದ್ದಾನೆ, ನಂಬಿದ, ಕ್ಷಮಿಸಿದ ಎಂದುಕೊಂಡೆ. ಎದೆ ತುಂಬಿ ಬಂತು. ನಾನೂ ಕೈ ಬೀಸಿ, "ಆಯ್ತಣ್ಣಾ, ಆಯ್ತು" ಎಂದು ಕೂಗುತ್ತಾ ಹೊರಟೆ.

ರಾಜಘಟ್ಟದ ರಸ್ತೆಯಲ್ಲಿ ಇಂಜಿನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ಕಿರುಚುತ್ತಾ ಎಳೆದುಕೊಂಡು ಹೋಗಿ ನನ್ನನ್ನು ಹೊಂಗೆಮರದ ಬುಡದಲ್ಲಿ ಇಳಿಸಿತು. ಮೊಣಕೈ ಕಿತ್ತುಹೋಗಿತ್ತು. ಗಾಡಿಯನ್ನು ತಳ್ಳಿಕೊಂಡು, ನೋಡಿದವರಿಗೆಲ್ಲ ಕಾರಣ ಕೂಗಿ ಹೇಳುತ್ತಾ ಮನೆ ಮುಟ್ಟಿದೆ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು.

"ಆಯಿಲ್, ಆಯಿಲ್ ಅಂತ ಬಡ್ಕೊಂಡ್ರು ಕಣಪ್ಪ. ನೀನು ಕೈ ಬೀಸ್ಕೊಂಡು ಹೋದೆ."

ಮಾತು ಹೋದಮೇಲೆ ಅವನ ಬಾಯಿಂದ ಬಂದ ಮೊದಲ ಹೊಸ ಪದ ಅದು. ಅದನ್ನು ಕೇಳಲು ಇದ್ದದ್ದು ನನ್ನ ಕಿವಿ. ಅಣ್ಣ ನನ್ನ ಮೊಣಕೈ ನೋಡಿದ, ಗಾಡಿ ನೋಡಿದ, ಬಾಯಿಯ ಎಡಭಾಗದಲ್ಲಿ ನಕ್ಕ. ಅತ್ತಿಗೆ ಗಂಜಿ ತಂದರೆ ಬಾಯಿ ತೆರೆದ. ಗುಜರಿಗೆ ಹಾಕಬೇಕಾದದ್ದು ಯಾವುದೆಂದು ಅವನಿಗೆ ಇತ್ಯರ್ಥವಾಗಿರಬೇಕು.

ಚಳಿಗಾಲದಲ್ಲಿ ಅವನಿಗೆ ಮೂರನೆಯ ಸ್ಟ್ರೋಕ್ ಹೊಡೆಯಿತು. ಮನೆಗೇ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮಗ್ಗ ನಿಲ್ಲಿಸಿ ಅವನ ತುಟಿಗೆ ಕಿವಿ ಇಟ್ಟುಕೊಂಡು ಕೂತೆ. "ಆಯ್..." ಎಂದ. ಮುಂದಿನ ಅಕ್ಷರ ಕೇಳಲಿಲ್ಲ. "ಏನಂದ್ರು?" ಎಂದು ಅಡುಗೆಮನೆಯಿಂದ ಅತ್ತಿಗೆ ಕೇಳಿದರು. ನಾನು ನನ್ನ ಮಾಮೂಲಿ ಗಂಟಲಲ್ಲಿ "ಆಯ್ತು" ಎಂದೆ. ಬೀದಿಗೆಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಎದುರುಮನೆಯವರು ಸೇವಂತಿಗೆ ಹಾರ ಹಿಡಿದು ಅಳುತ್ತಾ ಒಳಗೆ ಬಂದರು. ಅಣ್ಣ ಕಣ್ಣು ಬಿಟ್ಟುಕೊಂಡೇ ಇದ್ದ. ಹಾರ ನೋಡಿದ, ನನ್ನನ್ನು ನೋಡಿದ, ಮತ್ತೆ ಎಡಗಡೆಯಿಂದ ನಕ್ಕ. ಸಂಜೆಯ ಹೊತ್ತಿಗೆ ಆ ಹಾರ ಬೇಕಾಯಿತು.

ಗಾಡಿ ಪುನಃ ಅದೇ ಮೂಲೆಯಲ್ಲಿ ನಿಂತಿದೆ. ಇಂಜಿನ್ ಬಿಚ್ಚೋಣವೇ ಎಂದು ಅನ್ವರ್ ಆಗಾಗ ಫೋನ್ ಮಾಡುತ್ತಾನೆ. ನಾನು ಬೀದಿಯ ತುದಿಯವರೆಗೂ ನಡೆದುಹೋಗಿ, ಆದಷ್ಟು ಮೆಲ್ಲಗೆ ಉತ್ತರ ಕೊಡುತ್ತೇನೆ. ಒಳಗೆ ಮಲಗಿ ಕೇಳಿಸಿಕೊಳ್ಳುವವರು ಈಗ ಯಾರೂ ಇಲ್ಲ.